ಇಂಗ್ಲಿಷ್ ಪದಗಳ ಬೇರೂ ನಮ್ಮ ಮಕ್ಕಳ ವಿದ್ಯೆಯೂ

ಮಂಗಳೂರಿಗೆ ತನ್ನ ಹೆಸರನ್ನಿತ್ತ ಮಂಗಳಾದೇವಿಯ ದೇವಾಲಯವು ಬೋಳಾರದಲ್ಲಿರುವುದು. ಅದೇ ಬೋಳಾರದ ಪರಿಸರದಲ್ಲಿ, ೧೫೬೮ನೆಯ ಇಸವಿಯಲ್ಲಿ ಪೋರ್ಚುಗೀಸರಿಂದ ಸ್ಥಾಪಿತವಾದ ರೊಸಾರಿಯೊ ಇಗರ್ಜಿಯೂ ಇರುವುದು. ಒಂದೆಡೆಯಲ್ಲಿ ಸಂಸ್ಕೃತ ಮಂತ್ರಗಳು. ಇನ್ನೊಂದೆಡೆಯಲ್ಲಿ, ೧೯೬೦ರ ದಶಕದಲ್ಲಿ ದೇಶಭಾಷೆಗಳಲ್ಲಿ ಪೂಜೆಯನ್ನು ನಡೆಸುವ ಪದ್ಧತಿಯು ಬರುವ ತನಕ, ಲ್ಯಾಟಿನ್ ಪ್ರಾರ್ಥನೆಗಳು. ಈ ಎರಡು ಭಾಷೆಗಳೂ ಶತಮಾನಗಳ ಕಾಲ ಒಂದೇ ಕೇರಿಯ ಗಾಳಿಯಲ್ಲಿ ತೇಲಿದುವು. ಇವು ಒಂದೇ ಕುಲದ ಅಕ್ಕತಂಗಿಯರೆಂಬ ಸಂಗತಿಯನ್ನು ಮಾತ್ರ, ಅವುಗಳ ನಡುವೆ ಓಡಾಡಿದ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೆ ಅವರ ವಿದ್ಯಾಭ್ಯಾಸದ ಒಂದು ದೊಡ್ಡ ಹೊರೆಯು ಅರ್ಧಕ್ಕರ್ಧ ಇಳಿಯುತ್ತಿತ್ತೆಂಬುದು ನಮ್ಮ ದೃಢವಾದ ಅಭಿಪ್ರಾಯವು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಹೊರೆ ಯಾವುದು? ಕನ್ನಡ ಶಾಲೆಯಲ್ಲಿ ಹತ್ತು ವರುಷ ಓದಿ, ಒಳ್ಳೆಯ ಅಂಕಗಳನ್ನು ಗಳಿಸಿ, ಕಾಲೇಜಿನ ಮೆಟ್ಟಿಲನ್ನೇರುವ ಹುಡುಗನನ್ನು ಕೇಳಿ ನೋಡಿರಿ. ಅವನ ತಂದೆ ಬಂದರಿನಲ್ಲಿ ದೋಣಿಯ ಕೆಲಸದವನಿರಬಹುದು. ತಾಯಿ ಬೀಡಿ ಕಟ್ಟುವವಳಿರಬಹುದು. ಗಣಿತವೂ ವಿಜ್ಞಾನವೂ ಅವನಿಗೆ ತಿಳಿಯದ ವಿಷಯಗಳಲ್ಲ. ಆದರೆ ಪುಸ್ತಕದ ಒಂದೊಂದು ಪುಟದಲ್ಲಿಯೂ ಹತ್ತು ಹದಿನೈದು ಉದ್ದುದ್ದದ ಇಂಗ್ಲಿಷ್ ಪದಗಳು ಅವನ ದಾರಿಗೆ ಅಡ್ಡಗಟ್ಟುವುವು. ಗೈಡುಗಳಲ್ಲಿ ಅರ್ಥವನ್ನು ಹುಡುಕಿ, ನೋಟುಪುಸ್ತಕದಲ್ಲಿ ಬರೆದು, ಉರುಹೊಡೆದು, ಪರೀಕ್ಷೆಯ ಮರುದಿನವೇ ಮರೆಯುವನು. ವರುಷ ಮುಗಿಯುವುದರೊಳಗೆ ಆ ಜಾಣ ಹುಡುಗನು ತಾನು ದಡ್ಡನೆಂದು ನಂಬತೊಡಗುವನು. ಪದಗಳಿಗೆ ಹೆದರಿ ವಿಷಯವನ್ನೇ ಬಿಡುವವರು, ವಿಷಯಕ್ಕೆ ಹೆದರಿ ಕಾಲೇಜನ್ನೇ ಬಿಡುವವರು ನಮ್ಮ ನಡುವೆ ಇದ್ದಾರೆ. ಈ ನಷ್ಟವು ಆ ಒಂದು ಮನೆಯದಷ್ಟೇ ಅಲ್ಲ, ನಾಡಿನದು.

ಇಂಗ್ಲಿಷ್ ಭಾಷೆಯ ಕಟ್ಟಡವು ಹೇಗಿರುವುದೆಂಬುದನ್ನು ಮೊದಲು ನೋಡೋಣ. ಅದರ ಅಡಿಪಾಯವು ಜರ್ಮನ್ ಕುಲದ್ದು. ತಾಯಿ, ತಂದೆ, ಮನೆ, ನೀರು, ಉಣ್ಣು, ಕುಡಿ ಮುಂತಾದ ನಿತ್ಯದ ಮಾತುಗಳಿಗೆ ಅಲ್ಲಿರುವ ಪದಗಳು ಈ ಮೂಲದವು. ೧೦೬೬ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಮನು ಇಂಗ್ಲೆಂಡನ್ನು ಗೆದ್ದನು. ಅಂದಿನಿಂದ ಅರಮನೆಯ ಮಾತು, ನ್ಯಾಯಸ್ಥಾನದ ಮಾತು ಫ್ರೆಂಚ್ ಆಯಿತು. ಫ್ರೆಂಚ್ ಎಂದರೆ ಲ್ಯಾಟಿನ್ನಿನ ಮಗಳು. ಮುಂದೆ ವಿದ್ಯೆಯ ಪುನರುಜ್ಜೀವನದ ಕಾಲದಲ್ಲಿ ಪಂಡಿತರು ನೇರವಾಗಿ ಲ್ಯಾಟಿನ್ನಿನಿಂದಲೇ ಸಾವಿರಾರು ಪದಗಳನ್ನು ಎತ್ತಿಕೊಂಡರು. ೧೯೭೩ರಲ್ಲಿ ಪ್ರಕಟವಾದ ಒಂದು ಗಣನೆಯಂತೆ, ಇಂಗ್ಲಿಷ್ ನಿಘಂಟಿನ ಸುಮಾರು ೮೦,೦೦೦ ಪದಗಳಲ್ಲಿ ಶೇಕಡಾ ೨೮ರಷ್ಟು ಲ್ಯಾಟಿನ್ನಿನಿಂದಲೂ, ಮತ್ತೆ ಶೇಕಡಾ ೨೮ರಷ್ಟು ಫ್ರೆಂಚಿನಿಂದಲೂ ಬಂದವು. ಎಂದರೆ ಅರ್ಧಕ್ಕಿಂತ ಹೆಚ್ಚಿನ ಪದಗಳು ಒಂದೇ ಮನೆತನದವು. ನಮ್ಮ ಹುಡುಗನನ್ನು ಹೆದರಿಸುವ ಉದ್ದ ಪದಗಳು ಬಹುಮಟ್ಟಿಗೆ ಇವೇ. ಆಂಗ್ಲರ ಮಕ್ಕಳಿಗೂ ಅವು ತಾಯಿಯ ಮಡಿಲಲ್ಲಿ ಕಲಿತವುಗಳಲ್ಲ. ಅವರೂ ಶಾಲೆಯಲ್ಲಿಯೇ ಕಲಿಯತಕ್ಕವರು. ಈ ಒಂದು ಮಾತನ್ನು ತಿಳಿದುಕೊಂಡರೇ ನಮ್ಮ ಹುಡುಗನ ಅರ್ಧ ಅಂಜಿಕೆಯು ಹೋಗಬೇಕು.

ಉಳಿದರ್ಧವನ್ನು ಕಳೆಯುವ ಉಪಾಯವು ನಮ್ಮ ಪಾಠಶಾಲೆಗಳಲ್ಲಿ ಸಾವಿರಾರು ವರುಷಗಳಿಂದ ಇರುವುದು. ಪಾಠಶಾಲೆಯಲ್ಲಿ ಅಮರವನ್ನೂ ಧಾತುರೂಪವನ್ನೂ ಬಾಯಿಪಾಠ ಮಾಡಿದ ನಮ್ಮಂಥವರಿಗೆ ಇದು ಹೊಸತಲ್ಲ. ಸಂಸ್ಕೃತದಲ್ಲಿ ಧಾತುಗಳು ಸುಮಾರು ಎರಡು ಸಾವಿರ, ಉಪಸರ್ಗಗಳು ೨೨. ಈ ಅಲ್ಪ ಬಂಡವಾಳದಿಂದ ಲಕ್ಷೋಪಲಕ್ಷ ಪದಗಳ ವ್ಯಾಪಾರವು ನಡೆಯುವುದು. ‘ಹೃ’ ಎಂಬ ಒಂದು ಧಾತುವಿಗೆ ಬೇರೆಬೇರೆ ಉಪಸರ್ಗಗಳು ಸೇರಿ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರಗಳು ಆಗುವುದನ್ನು ವ್ಯಾಕರಣ ಕಲಿತ ಮಗುವೂ ಬಲ್ಲುದು. ಲ್ಯಾಟಿನ್ನಿನ ನಡೆಯೂ ತದ್ವತ್ತಾಗಿ ಹೀಗೆಯೇ. ‘ಪೋರ್ಟ್’ ಎಂದರೆ ಹೊರು, ಒಯ್ಯು. ‘ಇಮ್’ ಸೇರಿದರೆ ಇಂಪೋರ್ಟ್, ಒಳಕ್ಕೆ ಒಯ್ಯುವುದು, ಆಮದು. ‘ಎಕ್ಸ್’ ಸೇರಿದರೆ ಎಕ್ಸ್‌ಪೋರ್ಟ್, ಹೊರಕ್ಕೆ ಒಯ್ಯುವುದು, ರಫ್ತು. ‘ಟ್ರಾನ್ಸ್’ ಸೇರಿದರೆ ಟ್ರಾನ್ಸ್‌ಪೋರ್ಟ್, ಈ ಕಡೆಯಿಂದ ಆ ಕಡೆಗೆ ಒಯ್ಯುವುದು, ಸಾಗಣೆ. ‘ರಿ’ ಸೇರಿದರೆ ರಿಪೋರ್ಟ್, ನೋಡಿದ್ದನ್ನು ಹೊತ್ತು ಮರಳಿ ತರುವುದು, ವರದಿ. ‘ಡಿ’ ಸೇರಿದರೆ ಡಿಪೋರ್ಟ್, ದೂರಕ್ಕೆ ಸಾಗಹಾಕುವುದು, ಗಡೀಪಾರು. ‘ಸಬ್’ ಸೇರಿದರೆ ಸಪೋರ್ಟ್, ಕೆಳಗೆ ನಿಂತು ಹೊರುವುದು, ಆಸರೆ. ಆರು ಪದಗಳನ್ನು ಬೇರೆಬೇರೆಯಾಗಿ ಉರುಹೊಡೆಯುವ ಬದಲು, ಒಂದು ಧಾತುವನ್ನೂ ಆರು ಉಪಸರ್ಗಗಳನ್ನೂ ಅರಿತರೆ ಸಾಕು. ಅದೇ ಆರು ಉಪಸರ್ಗಗಳು ಮುಂದಿನ ಧಾತುವಿಗೂ ಬಂದೊದಗುವುವು.

ಈ ಸಾಮ್ಯವು ಆಕಸ್ಮಿಕವೇ? ಅಲ್ಲ. ೧೭೮೬ರ ಫೆಬ್ರವರಿ ೨ರಂದು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸರು ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಈ ಮೂರೂ ಒಂದೇ ಮೂಲದಿಂದ ಹೊರಟಿರಬೇಕೆಂದು ಪ್ರತಿಪಾದಿಸಿದರು. ಮುಂದಿನ ಶಾಸ್ತ್ರಜ್ಞರು ಇದನ್ನು ಸಪ್ರಮಾಣವಾಗಿ ಸ್ಥಾಪಿಸಿದರು. ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿಯೇ ಸಾಕ್ಷಿಯಿದೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂಬಲ್ಲಿರುವ ಲ್ಯಾಟಿನ್ ಸಂಖ್ಯೆಗಳಾದ ಸೆಪ್ಟೆಮ್, ಒಕ್ಟೊ, ನೊವೆಮ್, ಡೆಕೆಮ್ ಇವು ನಮ್ಮ ಸಪ್ತ, ಅಷ್ಟ, ನವ, ದಶಗಳೇ. ಪೂರ್ವಕಾಲದ ರೋಮಿನಲ್ಲಿ ವರುಷವು ಮಾರ್ಚಿನಿಂದ ಮೊದಲಾಗುತ್ತಿದ್ದುದರಿಂದ ಡಿಸೆಂಬರು ಹತ್ತನೆಯ ತಿಂಗಳಾಗಿತ್ತು.

ಇಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸುವುದು ಅವಶ್ಯವು. ಲ್ಯಾಟಿನ್ನು ಸಂಸ್ಕೃತದಿಂದ ಹುಟ್ಟಿತೆಂದು ಕೆಲವು ಅಭಿಮಾನಿಗಳು ವೇದಿಕೆಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಅವು ತಾಯಿಮಕ್ಕಳಲ್ಲ, ಸೋದರಿಯರು. ಸ್ವಾಭಿಮಾನಕ್ಕೆ ಸತ್ಯವೇ ಸಾಕು. ಉತ್ಪ್ರೇಕ್ಷೆಯ ಊರುಗೋಲು ಬೇಡ. ಎರಡನೆಯದಾಗಿ, ನಮ್ಮ ಕನ್ನಡವೂ ತುಳುವೂ ದ್ರಾವಿಡ ಕುಲದವು; ಲ್ಯಾಟಿನ್ನಿನ ನಂಟು ಅವಕ್ಕಿಲ್ಲ. ಆದರೆ ಕನ್ನಡವು ಸಹಸ್ರ ವರುಷಗಳಿಂದ ಸಂಸ್ಕೃತದ ಪದಗಳನ್ನು ಬರಮಾಡಿಕೊಂಡು ತನ್ನವನ್ನಾಗಿ ಮಾಡಿಕೊಂಡಿರುವುದರಿಂದ, ಕನ್ನಡ ಓದಿದ ಮಗುವಿನ ಕೈಯಲ್ಲಿ ಆ ಬೀಗದ ಕೈಯು ತಾನಾಗಿಯೇ ಇರುವುದು. ಕೊಂಕಣಿ ಮನೆಮಾತಿನ ಮಗುವಿಗಂತೂ ಇದು ಕುಲದ ಆಸ್ತಿಯೇ ಸರಿ.

ಇನ್ನು ಕೆಲವು ಧಾತುಗಳನ್ನು ಪರೀಕ್ಷಿಸೋಣ. ಸಂಸ್ಕೃತದ ‘ಸದ್’ ಧಾತುವಿಗೆ ಕುಳಿತುಕೊಳ್ಳು ಎಂದರ್ಥ. ಸಂಸತ್ತು, ಪರಿಷತ್ತು, ಉಪನಿಷತ್ತು, ಸದಸ್ಯ ಇವೆಲ್ಲವೂ ಅದರಿಂದಾದುವು. ೧೯೧೫ರಲ್ಲಿ ಹುಟ್ಟಿದ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರಿನಲ್ಲಿಯೂ ಈ ಧಾತುವೇ ಕುಳಿತಿರುವುದು. ಲ್ಯಾಟಿನ್ನಿನಲ್ಲಿ ಇದರ ಸೋದರರೂಪವು ‘ಸೆಡ್’. ಉಪಸರ್ಗ ಸೇರಿದಾಗ ‘ಸಿಡ್’. ಪ್ರೆಸಿಡೆಂಟ್ ಎಂದರೆ ಮುಂದೆ ಕುಳಿತವನು, ಅಧ್ಯಕ್ಷನು. ಸೆಷನ್ ಎಂದರೆ ಕುಳಿತು ನಡೆಸುವ ಕಲಾಪವು. ಸೆಷನ್ಸ್ ಕೋರ್ಟು ಎಂಬ ಹೆಸರು ಬಂದುದೂ ಇದರಿಂದಲೇ. ಸೆಡಿಮೆಂಟ್ ಎಂದರೆ ನೀರಿನ ತಳದಲ್ಲಿ ಕುಳಿತದ್ದು, ಗಸಿ. ರೆಸಿಡೆನ್ಸ್ ಎಂದರೆ ನೆಲೆಯಾಗಿ ಕುಳಿತ ಸ್ಥಳವು. ನಮ್ಮ ಮೀನುಗಾರರ ಬಾಯಲ್ಲಿ ನಿತ್ಯವೂ ಬರುವ ಡೀಸೆಲ್ ಸಬ್ಸಿಡಿಯಲ್ಲಿಯೂ ಇದೇ ಇದೆ. ರೋಮನರ ಸೈನ್ಯದಲ್ಲಿ ಆಪತ್ಕಾಲಕ್ಕಾಗಿ ಹಿಂದೆ ಕಾಯ್ದಿರಿಸಿ ಕೂರಿಸಿದ ಪಡೆಗೆ ಆ ಹೆಸರಿತ್ತು; ಅದರಿಂದ ಸಹಾಯವೆಂಬರ್ಥವೂ, ಸಹಾಯಧನವೆಂಬರ್ಥವೂ ಬೆಳೆದುವು.

‘ವೃತ್’ ಎಂದರೆ ತಿರುಗು. ಪರಿವರ್ತನೆ, ಆವರ್ತನ, ನಿವೃತ್ತಿ, ಪ್ರವೃತ್ತಿಗಳು ಅದರ ಮಕ್ಕಳು. ಲ್ಯಾಟಿನ್ನಿನಲ್ಲಿ ‘ವೆರ್ಟ್’. ಕನ್ವರ್ಟ್ ಪರಿವರ್ತಿಸುವುದು, ರಿವರ್ಟ್ ಹಿಂದಿರುಗುವುದು, ಡೈವರ್ಟ್ ಬೇರೆಡೆಗೆ ತಿರುಗಿಸುವುದು, ಇನ್ವರ್ಟ್ ತಲೆಕೆಳಗು ಮಾಡುವುದು, ಆನಿವರ್ಸರಿ ಎಂದರೆ ವರುಷವು ತಿರುಗಿ ಬಂದ ದಿನವು, ವರ್ಧಂತಿ. ‘ದಿಶ್’ ಎಂದರೆ ತೋರಿಸು; ಆದೇಶ, ಉಪದೇಶ, ನಿರ್ದೇಶಗಳು ಅದರವು. ಲ್ಯಾಟಿನ್ನಿನ ‘ಡಿಕ್’ ಇದರ ಸೋದರನಾದರೂ ಅಲ್ಲಿ ಅರ್ಥವು ‘ಹೇಳು’ ಎಂದಾಯಿತು. ಪ್ರೆಡಿಕ್ಟ್ ಮುಂದಾಗಿ ಹೇಳುವುದು. ಕಾಂಟ್ರಡಿಕ್ಟ್ ಎದುರು ಹೇಳುವುದು. ವರ್ಡಿಕ್ಟ್ ಎಂದರೆ ಸತ್ಯವಾಕ್ಯವು, ತೀರ್ಪು. ಜ್ಯೂರಿಸ್‌ಡಿಕ್ಷನ್ ಎಂದರೆ ನ್ಯಾಯ ಹೇಳುವ ಅಧಿಕಾರ ವ್ಯಾಪ್ತಿಯು. ‘ಭೃ’ ಎಂದರೆ ಹೊರು; ಭಾರ, ಸಂಭಾರಗಳು ಅದರಿಂದ. ಲ್ಯಾಟಿನ್ನಿನಲ್ಲಿ ‘ಫೆರ್’. ಟ್ರಾನ್ಸ್‌ಫರ್ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು. ಸರಕಾರಿ ನೌಕರರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಕಾನ್ಫರೆನ್ಸ್ ಎಂದರೆ ಅಭಿಪ್ರಾಯಗಳನ್ನು ಒಂದೆಡೆಗೆ ತಂದು ಕೂಡಿಸುವುದು. ಡಿಫರೆನ್ಸ್ ಎಂದರೆ ಬೇರೆಬೇರೆ ಕಡೆಗೆ ಎಳೆದೊಯ್ಯುವುದು.

ಬೋಳಾರ, ಜೆಪ್ಪುಗಳೆಂದೊಡನೆ ಹಂಚು ನೆನಪಿಗೆ ಬಾರದಿರದು. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಜೆಪ್ಪಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ‘ಮಂಗಳೂರು ಹಂಚು’ ಎಂಬ ಹೆಸರು ಸಮುದ್ರವನ್ನು ದಾಟಿತು. ಇಂಗ್ಲಿಷಿನ ‘ಟೈಲ್’ ಎಂಬ ಪದವು ಲ್ಯಾಟಿನ್ನಿನ ‘ತೆಗುಲ’ದಿಂದ ಬಂದುದು, ತೆಗುಲಕ್ಕೆ ಮೂಲವು ಮುಚ್ಚು ಎಂಬರ್ಥದ ‘ತೆಗ್’ ಧಾತುವು. ಅದೇ ಧಾತುವು ‘ಟೆಕ್ಟ್’ ಎಂಬ ರೂಪವನ್ನು ತಾಳಿದಾಗ ಪ್ರೊಟೆಕ್ಟ್ ಆಗುವುದು, ಮುಂದೆ ಮರೆಯಾಗಿ ನಿಂತು ಕಾಪಾಡುವುದು. ಡಿಟೆಕ್ಟ್ ಆಗುವುದು, ಮುಚ್ಚಿದ್ದನ್ನು ತೆರೆದು ಪತ್ತೆಹಚ್ಚುವುದು. ಹಂಚು, ರಕ್ಷಣೆ, ಪತ್ತೇದಾರಿ ಈ ಮೂರಕ್ಕೂ ಒಂದೇ ಬೇರು! ಸಂಸ್ಕೃತದಲ್ಲಿ ಮುಚ್ಚು, ಮರೆಮಾಡು ಎಂಬರ್ಥದ ‘ಸ್ಥಗ್’ ಧಾತುವು ಇದರ ಸೋದರನು. ನಾವು ದಿನನಿತ್ಯ ಆಡುವ ‘ಸ್ಥಗಿತ’ ಎಂಬ ಪದವು ಅದರಿಂದಾದುದು. ಅದಕ್ಕೆ ಮೊದಲಿದ್ದ ಅರ್ಥವು ‘ಮುಚ್ಚಲ್ಪಟ್ಟದ್ದು’ ಎಂದು. ಕಾರ್ಖಾನೆಯು ಸ್ಥಗಿತವಾಯಿತೆಂದು ಕೆಲಸಗಾರನು ಹೇಳುವಾಗ ಅವನ ಬಾಯಲ್ಲಿರುವುದು ಹಂಚಿನದೇ ಧಾತುವೆಂದರೆ ಸೋಜಿಗವಲ್ಲವೇ?

ನೀರಿನ ದಡದ ಊರಿಗೆ ನೀರಿನ ಪದಗಳೂ ಸಲ್ಲುವುವು. ‘ರೀವಸ್’ ಎಂದರೆ ಲ್ಯಾಟಿನ್ನಿನಲ್ಲಿ ತೊರೆ. ಒಂದೇ ತೊರೆಯ ನೀರನ್ನು ಬಳಸುವ ನೆರೆಹೊರೆಯವನೇ ‘ರೈವಲ್’. ಅಣೆಕಟ್ಟದ ನೀರಿಗಾಗಿ ಗದ್ದೆಯ ಬದುವಿನಲ್ಲಿ ನಡೆಯುವ ಜಗಳವನ್ನು ಕಂಡವರಿಗೆ ಈ ಪದಕ್ಕೆ ಪ್ರತಿಸ್ಪರ್ಧಿಯೆಂಬ ಅರ್ಥವು ಹೇಗೆ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ. ತೊರೆಯಿಂದ ನೀರನ್ನು ಹರಿಸಿಕೊಳ್ಳುವುದೇ ‘ಡಿರೈವ್’. ‘ರೀಪ’ ಎಂದರೆ ದಡ; ದಡವನ್ನು ಮುಟ್ಟುವುದೇ ‘ಅರೈವ್’. ಗಾಳಿಯು ಹಡಗನ್ನು ಬಂದರಿನ ಕಡೆಗೆ ನೂಕಿದರೆ ಅದು ರೋಮಿನ ನಾವಿಕನಿಗೆ ‘ಒಪ್ಪೊರ್ಟೂನಸ್’. ಆಪರ್ಚ್ಯುನಿಟಿ, ಎಂದರೆ ಸುಸಂಧಿಯು, ಅದರಿಂದ ಬಂದಿತು. ನೇತ್ರಾವತಿಯೂ ಫಲ್ಗುಣಿಯೂ ಕಡಲನ್ನು ಕೂಡುವಲ್ಲಿ, ಅಳಿವೆ ಬಾಗಿಲಿನಲ್ಲಿ ಗಾಳಿಗಾಗಿ ಕಾದ ನಮ್ಮ ಹಾಯಿಗಾರರು ಈ ಪದದ ಅರ್ಥವನ್ನು ನಿಘಂಟಿಲ್ಲದೆ ಬಲ್ಲವರು.

ಲ್ಯಾಟಿನ್ನಿನ ಕೆಲವು ಪದಗಳು ಇಂಗ್ಲಿಷಿಗೂ ಮುಂಚಿತವಾಗಿ, ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿಳಿದಿರುವುವು. ಪಾದ್ರಿ ಎಂಬುದು ಪಿತೃವಿನ ಸೋದರನಾದ ‘ಪಾತೆರ್’. ಅಲಮಾರು ‘ಅರ್ಮಾರಿಯುಮ್’. ನಮ್ಮ ಚಾವಿಯು ಪೋರ್ಚುಗೀಸರ ‘ಶಾವಿ’, ಲ್ಯಾಟಿನ್ನಿನ ‘ಕ್ಲಾವಿಸ್’. ಬೀಗ ಹಾಕಿದ ಕೋಣೆಯಲ್ಲಿ ಕುಳಿತು ಪೋಪರನ್ನು ಆರಿಸುವ ಸಭೆಗೆ ‘ಕಾನ್‌ಕ್ಲೇವ್’ ಎಂಬ ಹೆಸರಿರುವುದು. ೨೦೨೫ರ ಮೇ ತಿಂಗಳಲ್ಲಿ ಅದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಆ ಪದದೊಳಗೆ ನಮ್ಮ ಚಾವಿಯೇ ಇದೆ. ಜೆಪ್ಪಿನಲ್ಲಿ, ೧೮೭೯ರಲ್ಲಿ ಹುಟ್ಟಿದ ಸಂತ ಜೋಸೆಫರ ‘ಸೆಮಿನರಿ’ಯೆಂದರೆ ಬೀಜದ ಪಾತಿ, ಇಂದಿನ ಕಾಲೇಜುಗಳ ‘ಸೆಮಿನಾರ್’ ಎಂಬುದೂ ಅದೇ ಪಾತಿಯ ಸಸಿಯು.

ಇನ್ನೊಂದು ಸೌಕರ್ಯವುಂಟು. ಉಪಸರ್ಗಗಳು ಧಾತುವಿಗೆ ಸೇರುವಾಗ ರೂಪ ಬದಲಿಸುವುದರಿಂದ ಇಂಗ್ಲಿಷ್ ಕಲಿಯುವವರು ಕಂಗಾಲಾಗುವರು. ‘ಇನ್’ ಎಂಬುದು ಇಲ್ಲೀಗಲ್, ಇರ್ರೆಗ್ಯುಲರ್, ಇಂಪಾಸಿಬಲ್ ಎಂಬಲ್ಲಿ ಮೂರು ವೇಷಗಳನ್ನು ಹಾಕುವುದು; ‘ಕಾನ್’ ಎಂಬುದು ಕಲೆಕ್ಟ್, ಕರೆಕ್ಟ್ ಎಂದಾಗುವುದು; ‘ಆಡ್’ ಎಂಬುದು ಅಟ್ರಾಕ್ಟ್ ಎಂಬಲ್ಲಿ ಕಾಣದೇ ಹೋಗುವುದು. ಆದರೆ ನಮ್ಮ ಪ್ರೌಢಶಾಲೆಯ ಮಗುವು ಸತ್ ಮತ್ತು ಜನ ಸೇರಿ ಸಜ್ಜನವಾಗುವುದನ್ನೂ, ಉತ್ ಮತ್ತು ಲೇಖ ಸೇರಿ ಉಲ್ಲೇಖವಾಗುವುದನ್ನೂ, ವಾಕ್ ಮತ್ತು ಮಯ ಸೇರಿ ವಾಙ್ಮಯವಾಗುವುದನ್ನೂ ಸಂಧಿಪ್ರಕರಣದಲ್ಲಿ ಕಲಿತಿರುವುದು. ‘ಇದು ಇಂಗ್ಲಿಷಿನ ಸಂಧಿ’ ಎಂದು ಉಪಾಧ್ಯಾಯರು ಒಂದು ಮಾತು ಹೇಳಿದರೆ ಸಾಕು, ಗಂಟು ತಾನಾಗಿ ಬಿಚ್ಚುವುದು. ಉಪಸರ್ಗಗಳಲ್ಲಿಯೂ ನಂಟಸ್ತಿಕೆಯುಂಟು. ‘ಪ್ರೊ’ ಎಂಬುದು ನಮ್ಮ ‘ಪ್ರ’; ‘ಇಂಟರ್’ ಎಂಬುದು ‘ಅಂತರ್’; ‘ಸೂಪರ್’ ಎಂಬುದು ‘ಉಪರಿ’; ಇಲ್ಲವೆನ್ನುವ ‘ಇನ್’ ಎಂಬುದು ಅನಾದರ, ಅನಾಚಾರಗಳಲ್ಲಿರುವ ‘ಅನ್’.

ಹೀಗೆಂದು ಈ ಮಾರ್ಗದಲ್ಲಿ ಮುಳ್ಳುಗಳಿಲ್ಲವೆಂದು ನಾವು ಹೇಳುವುದಿಲ್ಲ. ಬೇರನ್ನು ಬಲ್ಲೆನೆಂಬ ಅಹಂಕಾರವು ಬೇರನ್ನು ಅರಿಯದಿರುವುದಕ್ಕಿಂತ ಅಪಾಯಕರವು. ‘ರಿವರ್’ ಎಂಬುದು ತೊರೆಯೆಂಬರ್ಥದ ರೀವಸ್ಸಿನಿಂದ ಬಂದಿತೆಂದು ಯಾರಿಗಾದರೂ ತೋರುವುದು. ಅದು ನಿಜವಾಗಿ ದಡವೆಂಬರ್ಥದ ರೀಪದಿಂದ ಬಂದುದು. ‘ಕನ್ಸಿಡರ್’ ಎಂಬಲ್ಲಿ ಕಾಣುವ ‘ಸಿಡ್’ ಕುಳಿತುಕೊಳ್ಳುವ ಧಾತುವಲ್ಲ. ಅದು ನಕ್ಷತ್ರವೆಂಬರ್ಥದ ಬೇರೆ ಪದವು. ‘ಪೆಡೆಸ್ಟ್ರಿಯನ್’ ಎಂಬಲ್ಲಿ ‘ಪೆಡ್’ ಎಂದರೆ ಲ್ಯಾಟಿನ್ನಿನ ಪಾದ. ಮಕ್ಕಳ ವೈದ್ಯರಾದ ‘ಪೀಡಿಯಾಟ್ರಿಷಿಯನ್’ ಎಂಬಲ್ಲಿರುವುದು ಗ್ರೀಕಿನ ಮಗು. ವೈದ್ಯಶಾಸ್ತ್ರದ ಪದಗಳಲ್ಲಿ ಗ್ರೀಕಿನದೇ ಹೆಚ್ಚಿನ ಪಾಲೆಂಬುದನ್ನು ನಮ್ಮ ನಗರದ ವೈದ್ಯ ವಿದ್ಯಾರ್ಥಿಗಳು ನೆನಪಿಡತಕ್ಕದ್ದು. ಮತ್ತು ಅರ್ಥವು ಬೇರಿನಲ್ಲಿಯೇ ನಿಂತಿರುವುದಿಲ್ಲ. ‘ಮ್ಯಾನುಫಾಕ್ಚರ್’ ಎಂದರೆ ಮೂಲದಲ್ಲಿ ಕೈಯಿಂದ ಮಾಡುವುದು. ಇಂದು ಅದು ಯಂತ್ರದಿಂದ ಮಾಡುವುದಕ್ಕೇ ಹೆಸರಾಗಿರುವುದು.

ಈ ಎಚ್ಚರಿಕೆಗೆ ನಮ್ಮ ರಾಷ್ಟ್ರದ ಚರಿತ್ರೆಯಿಂದಲೇ ಒಂದು ಉದಾಹರಣೆಯನ್ನು ಕೊಡುವೆವು. ರಾಜದ್ರೋಹವೆಂದು ನಾವು ಭಾಷಾಂತರಿಸುವ ‘ಸೆಡಿಷನ್’ ಎಂಬ ಪದದಲ್ಲಿ ‘ಸೆಡ್’ ಕಾಣುವುದು. ಅದು ಕುಳಿತುಕೊಳ್ಳುವುದಕ್ಕೆ ಸಂಬಂಧಿಸಿದುದಲ್ಲ. ಬೇರೆ ಎಂಬರ್ಥದ ‘ಸೆಡ್’ ಎಂಬ ಉಪಸರ್ಗಕ್ಕೆ ಹೋಗು ಎಂಬರ್ಥದ ‘ಇ’ ಧಾತುವು ಸೇರಿ, ‘ಬೇರೆಯಾಗಿ ಹೋಗುವುದು’ ಎಂದಾಯಿತು. ಈ ‘ಇ’ ಧಾತುವು ಸಂಸ್ಕೃತದಲ್ಲಿಯೂ ಅದೇ ರೂಪದಲ್ಲಿ, ಅದೇ ಅರ್ಥದಲ್ಲಿ ಇರುವುದು; ಉದಯ, ಉಪಾಯ, ಅಪಾಯ, ವ್ಯಯ, ಅನ್ವಯಗಳು ಅದರಿಂದಾದುವು. ಬ್ರಿಟಿಷ್ ಸರಕಾರವು ೧೮೭೦ರಲ್ಲಿ ಭಾರತೀಯ ದಂಡಸಂಹಿತೆಗೆ ೧೨೪-ಎ ಎಂಬ ಕಲಮನ್ನು ಸೇರಿಸಿತು. ಅದರಡಿಯಲ್ಲಿಯೇ ೧೯೦೮ರಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರುಷಗಳ ಗಡೀಪಾರಿನ ಶಿಕ್ಷೆಯಾಗಿ ಅವರು ಮಂಡಾಲೆಗೆ ಒಯ್ಯಲ್ಪಟ್ಟರು. ೨೦೨೪ರ ಜುಲೈ ೧ರಿಂದ ಆ ದಂಡಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯು ಬಂದಿರುವುದು. ಬೇರೆಯಾಗಿ ನಡೆಯುವುದೇ ಅಪರಾಧವೆಂದು ಆಳುವವರು ಬಗೆದರೆಂಬುದನ್ನು ಆ ಪದದ ಬೇರೇ ಸಾರುವುದು. ಪದಗಳ ಮೂಲವನ್ನು ಅರಿತ ಪ್ರಜೆಯನ್ನು ಪದಗಳಿಂದ ಮರುಳುಗೊಳಿಸುವುದು ಸುಲಭವಲ್ಲ. ಈ ವಿದ್ಯೆಯು ಪರೀಕ್ಷೆಗಾಗಿ ಮಾತ್ರವಲ್ಲವೆಂದು ನಾವು ಹೇಳುವುದು ಇದಕ್ಕಾಗಿಯೇ.

ಮುಖ್ಯವಾದ ಮಾತಿಗೆ ಈಗ ಬರೋಣ. ಕನ್ನಡದಲ್ಲಿ ವಿಜ್ಞಾನವನ್ನು ಓದಿ ಬಂದವನಿಗೆ ಕಾಲೇಜಿನಲ್ಲಿ ಅದು ನಿರುಪಯುಕ್ತವೆಂಬ ಭಾವನೆಯು ತಾಯಿತಂದೆಗಳಲ್ಲಿ ಹರಡಿರುವುದು. ನಾವು ಹೇಳುವುದು ಇದಕ್ಕೆ ತೀರ ವಿರುದ್ಧವಾದುದನ್ನು. ‘ಆಕರ್ಷಣೆ’ ಎಂಬ ಪದದಲ್ಲಿ ‘ಆ’ ಎಂದರೆ ಕಡೆಗೆ, ‘ಕೃಷ್’ ಎಂದರೆ ಎಳೆ. ‘ಅಟ್ರಾಕ್ಷನ್’ ಎಂಬಲ್ಲಿ ‘ಆಡ್’ ಎಂದರೆ ಕಡೆಗೆ, ‘ಟ್ರಾಕ್ಟ್’ ಎಂದರೆ ಎಳೆ. ‘ಪ್ರಕ್ಷೇಪ’ ಎಂದರೆ ಮುಂದಕ್ಕೆ ಎಸೆಯುವುದು. ‘ಪ್ರೊಜೆಕ್ಷನ್’ ಎಂದರೂ ಅದೇ. ‘ಪಾರದರ್ಶಕ’ದಲ್ಲಿ ಪಾರವಿದ್ದಂತೆ ‘ಟ್ರಾನ್ಸ್‌ಪರೆಂಟ್’ ಎಂಬಲ್ಲಿ ‘ಟ್ರಾನ್ಸ್’ ಇರುವುದು. ನಮ್ಮ ಪಾರಿಭಾಷಿಕ ಪದಗಳನ್ನು ಕಟ್ಟಿದ ಪಂಡಿತರು ಇಂಗ್ಲಿಷ್ ಪದದ ಬೇರನ್ನು ಬಿಡಿಸಿ, ಅದೇ ಅಚ್ಚಿನಲ್ಲಿ ಕನ್ನಡದ ಪದವನ್ನು ಎರಕಹೊಯ್ದರು. ೧೯೪೬ರಲ್ಲಿ ಬೆಳಕು ಕಂಡ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನಂಥ ಮಹಾಕಾರ್ಯಗಳ ಹಿಂದೆ ಈ ಪರಿಶ್ರಮವಿದೆ. ಆದುದರಿಂದ ಕನ್ನಡ ಪದವನ್ನು ಅರ್ಥವರಿತು ಕಲಿತ ಹುಡುಗನು ಇಂಗ್ಲಿಷ್ ಪದದ ನಕ್ಷೆಯನ್ನು ಆಗಲೇ ಕೈಯಲ್ಲಿ ಹಿಡಿದಿರುವನು. ಆದರೆ ಆಕರ್ಷಣೆಯನ್ನೂ ಬಿಡಿಸದೆ ಉರುಹೊಡೆಸಿದರೆ, ಅಟ್ರಾಕ್ಷನನ್ನೂ ಉರುಹೊಡೆಸಿದರೆ, ಎರಡೂ ಸತ್ತ ಹೊರೆಗಳೇ. ತಪ್ಪು ಕನ್ನಡದ್ದಲ್ಲ, ಕಲಿಸುವ ಕ್ರಮದ್ದು.

ಈ ವಿದ್ಯೆಗೆ ಮಂಗಳೂರಿಗಿಂತ ತಕ್ಕ ನೆಲವಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಧಾತುಗಳನ್ನು ಕಲೆಹಾಕಿದನು. ಆ ಗ್ರಂಥವನ್ನು ೧೮೭೨ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರು ಫರ್ಡಿನಂಡ್ ಕಿಟ್ಟೆಲರು. ಅವರ ಸುಮಾರು ೭೦,೦೦೦ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಇಲ್ಲಿಯೇ ಹೊರಬಂದಿತು. ಅದರಲ್ಲಿ ತದ್ಭವಗಳ ಮೂಲವನ್ನೂ ದ್ರಾವಿಡ ಸೋದರಭಾಷೆಗಳ ರೂಪಗಳನ್ನೂ ಕಾಣಬಹುದು. ಸಂತ ಅಲೋಶಿಯಸ್ ಕಾಲೇಜನ್ನು ೧೮೮೦ರಲ್ಲಿ ತೆರೆದ ಜೆಸ್ವಿತರ ತಂಡದ ಇಟಲಿಯವರಾದ ಆಂಜೆಲೊ ಮಾಫೆ ಎಂಬ ಪಾದ್ರಿಗಳು ೧೮೮೨ರಲ್ಲಿ ಕೊಂಕಣಿ ವ್ಯಾಕರಣವನ್ನೂ, ೧೮೮೩ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ರಚಿಸಿದರು. ಅವು ಅಚ್ಚಾದುದು ಪ್ರಾಟೆಸ್ಟೆಂಟರಾದ ಬಾಸೆಲ್ ಮಿಶನಿನವರ ಮುದ್ರಣಾಲಯದಲ್ಲಿ. ಮತಗಳು ಬೇರಾದರೂ ಪದಗಳ ಬಳಿ ಎಲ್ಲರೂ ಒಂದಾದರು. ಹೊರನಾಡಿನಿಂದ ಬಂದವರು ನಮ್ಮ ಧಾತುಗಳನ್ನು ಇಷ್ಟು ಶ್ರದ್ಧೆಯಿಂದ ಕಲಿತಿರಲು, ನಾವು ಅವರ ಧಾತುಗಳನ್ನು ಕಲಿಯಲು ಹಿಂಜರಿಯುವುದೇಕೆ?

ಕಾರ್ಯಕ್ರಮವು ಸುಲಭವಾದುದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿದ್ದ ಜೇಮ್ಸ್ ಬ್ರೌನ್ ಎಂಬ ಪ್ರಾಧ್ಯಾಪಕರು ಹದಿನಾಲ್ಕೇ ಪದಗಳನ್ನು ಆರಿಸಿ, ಅವುಗಳಲ್ಲಿರುವ ಲ್ಯಾಟಿನ್ ಗ್ರೀಕ್ ಧಾತುಗಳೂ ಉಪಸರ್ಗಗಳೂ ೧೪,೦೦೦ಕ್ಕೂ ಹೆಚ್ಚು ಪದಗಳಿಗೆ ದಾರಿ ತೆರೆಯುವುವೆಂದು ಲೆಕ್ಕಹಾಕಿದರು. ೧೯೪೯ರಲ್ಲಿ ಪ್ರಕಟವಾದ ನಾರ್ಮನ್ ಲೂಯಿಸರ ‘ವರ್ಡ್ ಪವರ್ ಮೇಡ್ ಈಸಿ’ ಎಂಬ ಪುಸ್ತಕವು ಇದೇ ಹಾದಿಯದು. ಅದು ನಮ್ಮ ಪುಸ್ತಕದಂಗಡಿಗಳಲ್ಲಿ ಇಂದಿಗೂ ಬಿಕರಿಯಾಗುತ್ತಿರುವುದು. ಆದರೆ ಅದು ಅಮೆರಿಕದ ಓದುಗನಿಗಾಗಿ ಬರೆದದ್ದು. ಅವನಿಗಿಲ್ಲದ ಸಂಪತ್ತು ನಮ್ಮ ಮಗುವಿಗಿರುವುದು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಕಲಿಸುವ ಉಪಾಧ್ಯಾಯರು ವಾರಕ್ಕೊಮ್ಮೆ ಒಂದು ಗಂಟೆ ಕೂಡಿ ಕುಳಿತು, ವಾರಕ್ಕೆ ಎರಡು ಧಾತುಗಳಂತೆ ಪಾಠ ಮಾಡಲಿ. ಹಾಳೆಯನ್ನು ಮೂರು ಕಂಬಸಾಲುಗಳಾಗಿ ಮಾಡಿ, ಮೊದಲನೆಯದರಲ್ಲಿ ಲ್ಯಾಟಿನ್ ಧಾತು, ಎರಡನೆಯದರಲ್ಲಿ ಇಂಗ್ಲಿಷ್ ಪದಗಳು, ಮೂರನೆಯದರಲ್ಲಿ ಅದೇ ಅಚ್ಚಿನ ಕನ್ನಡ ಪದಗಳು, ಹೀಗೆ ಮಕ್ಕಳೇ ಬರೆಯಲಿ. ಸಂದೇಹ ಬಂದಲ್ಲಿ ಊಹಿಸದೆ ನಿಘಂಟನ್ನು ನೋಡುವ ಕಟ್ಟುಪಾಡಿರಲಿ. ಹೊಸ ಪದವನ್ನು ವಾಕ್ಯದಲ್ಲಿ ಬಳಸಿದ ಮೇಲೆಯೇ ಅದು ಕಲಿತಂತಾಯಿತೆಂದು ಎಣಿಸಲಿ. ಎರಡು ವರುಷಗಳಲ್ಲಿ ನೂರಕ್ಕೂ ಹೆಚ್ಚು ಧಾತುಗಳಾಗುವುವು. ಇದಕ್ಕೆ ಹೊಸ ಕಟ್ಟಡವೂ ಬೇಡ, ಸರಕಾರದ ಮಂಜೂರಾತಿಯೂ ಬೇಡ.

ಇಂಗ್ಲಿಷನ್ನು ದ್ವೇಷಿಸಿ ದೂರವಿಡುವವರನ್ನೂ, ಅದನ್ನು ಪೂಜಿಸಿ ಕನ್ನಡವನ್ನು ಬಿಡುವವರನ್ನೂ ನಾವು ಕಂಡಿರುವೆವು. ಇಬ್ಬರೂ ಅದಕ್ಕೆ ಹೆದರಿದವರೇ. ಅದನ್ನು ಬಿಡಿಸಿ, ಬೇರನ್ನು ನೋಡಿ, ನಮ್ಮ ಕೆಲಸಕ್ಕೆ ಬೇಕಾದುದನ್ನು ಆರಿಸಿಕೊಳ್ಳುವವನೇ ಸ್ವತಂತ್ರನು. ಬಂದರಿನ ಕೂಲಿಯ ಮಗನೂ ಬೀಡಿ ಕಟ್ಟುವವಳ ಮಗಳೂ ಆ ಸ್ವಾತಂತ್ರ್ಯಕ್ಕೆ ಹಕ್ಕುದಾರರು. ಅವರ ಹಕ್ಕನ್ನು ಅವರಿಗೆ ಮುಟ್ಟಿಸುವ ಉಪಾಧ್ಯಾಯರಿಗೆ ಈ ಪತ್ರಿಕೆಯ ಅಂಕಣಗಳು ಸದಾ ತೆರೆದಿರುವುವು. ಮಕ್ಕಳು ಕಲೆಹಾಕಿದ ಧಾತುಪಟ್ಟಿಗಳನ್ನು ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುವೆವು.